ತಾಳದ ಸದ್ದು ಮುಗಿಯುವವರೆಗೆ

ಜನವರಿ 6, ಸೋಮವಾರ. ಬೆಳಿಗ್ಗೆ 8:10, ಬಸ್ಸಿನಲ್ಲಿ

ಇಪ್ಪತ್ತಕ್ಕೆ ಹದಿಮೂರು. ನಿನ್ನೆ ಹದಿನಾಲ್ಕು. ಮೊನ್ನೆ ಹದಿಮೂರು. ಐದನೇ ವಾರ ಇದು. ಎಲ್ಲಿದ್ದೆನೋ ಅಲ್ಲೇ ಇದ್ದೇನೆ.

ಮೊಬೈಲಿನಲ್ಲಿ ಕಿವಿ ಪಳಗಿಸುವ ಆ್ಯಪ್. ಮೊದಲು ಬರೀ ಶ್… ಅನ್ನುವ ಸದ್ದು, ನಲ್ಲಿ ಬಿಟ್ಟ ಹಾಗೆ. ಆಮೇಲೆ ಅದೇ ಸದ್ದು, ಆದರೆ ಒಂದು ಕಡೆ ಎತ್ತಿರುತ್ತಾರೆ. ಎಲ್ಲಿ ಅಂತ ಹೇಳಬೇಕು. 250 ಹರ್ಟ್ಸ್ ಅಂದರೆ ದಪ್ಪ, ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಸಾವಿರ ಅಂದರೆ ಮೂಗಿನ ದನಿ. ಎಂಟು ಸಾವಿರ ಅಂದರೆ ತೆಳು, ಚೂಪು. ಕೆಳಗಿನವನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ನಾಲ್ಕು ಸಾವಿರ ದಾಟಿದರೆ ಎರಡೂ ಸದ್ದು ಒಂದೇ. ಇಯರ್‌ಫೋನ್ ಸರಿ ಇಲ್ಲ ಅನ್ನಿಸುತ್ತದೆ.

"ದಿನಾ ಇಪ್ಪತ್ತು. ತಪ್ಪಿಸ್ಬೇಡಿ ಅಣ್ಣ. ಕಿವಿ ತಾನಾಗೇ ತೆರ್ಕೊಳ್ಳುತ್ತೆ" — ಜಯಕುಮಾರ್ ಮಾತು. ನನಗಿಂತ ಎಂಟು ವರ್ಷ ಚಿಕ್ಕವನು. ಶಿವಮೊಗ್ಗದಲ್ಲಿ ಸವಳಂಗ ರಸ್ತೆಯ ಟೈರ್ ಅಂಗಡಿ ಮೇಲೆ ಎರಡು ರೂಮಿನ ರೆಕಾರ್ಡಿಂಗ್ ಸ್ಟುಡಿಯೋ ಅವನದು. ನಾನು ಹದಿನಾಲ್ಕು ವರ್ಷ ಭದ್ರಾವತಿಯಲ್ಲಿ ಸಿದ್ದಯ್ಯನವರ ಮೈಕ್ ಸೆಟ್‌ನಲ್ಲಿದ್ದೆ. ಮದುವೆ, ಆರ್ಕೆಸ್ಟ್ರಾ, ಗಣಪತಿ ಮೆರವಣಿಗೆ. ಹೋದ ವರ್ಷ ಸ್ಪೀಕರ್ ಬಾಕ್ಸ್ ಎತ್ತುವಾಗ ಸೊಂಟ ಹಿಡಿಯಿತು. ಡಿಸ್ಕ್ ಅಂದರು. ಇನ್ನು ಭಾರ ಎತ್ತಲೇಬೇಡ ಅಂದರು. ಕೂತು ಮಾಡುವ ಸೌಂಡ್ ಕೆಲಸ ಅಂದರೆ ಇದೊಂದೇ. ಮೂವತ್ತೆಂಟಕ್ಕೆ ಒಂದನೇ ಕ್ಲಾಸು.

ಕಂಡಕ್ಟರ್ ಭುಜ ತಟ್ಟಿದ. ಮೂರು ಸಲ ಟಿಕೆಟ್ ಕೇಳಿದನಂತೆ. ಇಯರ್‌ಫೋನ್ ಕಡೆ ಬೆರಳು ತೋರಿಸಿದೆ. ಹಾಡು ಕೇಳುತ್ತಿರಲಿಲ್ಲ, ಆ್ಯಪ್ ಮುಚ್ಚಿ ಆಗಿತ್ತು. ಆದರೂ ತೋರಿಸಿದೆ.


ಜನವರಿ 9, ಗುರುವಾರ

ಅಭ್ಯಾಸಕ್ಕೆ ಕೊಟ್ಟಿದ್ದ ಹಾಡನ್ನು ಮಿಕ್ಸ್ ಮಾಡಿ, ಅಂದರೆ ದನಿ ವಾದ್ಯಗಳನ್ನು ಹದವಾಗಿ ಬೆರೆಸಿ, ಕೇಳಿಸಿದೆ. ಜಯಕುಮಾರ್ ಅರ್ಧ ನಿಮಿಷ ಕೇಳಿ ನಿಲ್ಲಿಸಿದ.

"ಚುಚ್ಚುತ್ತೆ ಅಣ್ಣ."

"ಎಲ್ಲಿ?"

"ಎಲ್ಲಾ ಕಡೆ. ಟ್ರೆಬಲ್ ಕಮ್ಮಿ ಮಾಡಿ ನೋಡಿ."

ಕಮ್ಮಿ ಮಾಡಿದೆ. ಅವನಿಗೆ ಸರಿ ಹೋಯಿತು. ನನಗೆ ಹಾಡುವವಳ ಬಾಯಿಗೆ ಕಂಬಳಿ ಹೊದಿಸಿದ ಹಾಗಾಯಿತು. ಮೈಕ್ ಸೆಟ್‌ನಲ್ಲಿ ಟ್ರೆಬಲ್, ಆ ಮೇಲಿನ ಚೂಪು ಸದ್ದು, ಇಲ್ಲದಿದ್ದರೆ ಮಾತು ಹಿಂದಿನ ಸಾಲಿಗೆ ಹೋಗುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಯಾರೂ ಚುಚ್ಚುತ್ತೆ ಅನ್ನಲಿಲ್ಲ. ಅಂದಿದ್ದರೂ ಆ ಗದ್ದಲದಲ್ಲಿ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಮನೆಗೆ ಬಂದರೆ ಹೆಂಡತಿ ಸೌಂದರ್ಯ ಮುಖ ಕೊಡುತ್ತಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಹಾಲು ನೋಡಿಕೊಳ್ಳಿ ಅಂದಿದ್ದಳಂತೆ. ನಾನು ಹೂಂ ಅಂದಿದ್ದೆನಂತೆ. ಉಕ್ಕಿ ಒಲೆಯೆಲ್ಲ ಹಾಲು. ಹೂಂ ಅಂದಿರಬಹುದು. ಅವಳು ಏನೋ ಹೇಳಿದಳು ಅಂತ ಗೊತ್ತಾದರೆ ಹೂಂ ಅನ್ನುವುದು ನನಗೆ ರೂಢಿ. ಹನ್ನೊಂದು ವರ್ಷದ ಸಂಸಾರ ಬಹುಪಾಲು ಆ ಹೂಂ ಮೇಲೇ ನಡೆದಿದೆ.

"ನಿಮ್ಗೆ ನಾನು ಮಾತಾಡೋದು ಬೇಕಾಗಿಲ್ಲ, ಅಷ್ಟೇ" ಅಂದಳು. ಇದು ಮಾತ್ರ ಎದುರಿಗೆ ನಿಂತು ಹೇಳಿದಳು, ಚೆನ್ನಾಗಿ ಕೇಳಿಸಿತು.


ಜನವರಿ 14, ಸಂಕ್ರಾಂತಿ

ಎಳ್ಳುಬೆಲ್ಲ ಹಿಡಿದು ಹೋದೆ. ಜಯಕುಮಾರ್ ಖುಷಿಯಲ್ಲಿದ್ದ. ಹೆಂಡತಿಗೆ ಹೆರಿಗೆ ಹತ್ತಿರ ಬಂದಿದೆ, ತಿಂಗಳ ಕೊನೆಗೆ ದಾವಣಗೆರೆಗೆ ಹೋಗಿ ಒಂದು ತಿಂಗಳು ಅಲ್ಲೇ ಇರುತ್ತಾನಂತೆ.

ಕೋಟೆ ಬಡಾವಣೆಯ ಬಸವರಾಜೇಶ್ವರಿ ಅಮ್ಮನವರ ತಂಡದ ರೆಕಾರ್ಡಿಂಗ್ ಇದೆ. ಏಳು ಜನ ಹೆಂಗಸರು, ಎಂಟು ವಚನ. ಶಿವರಾತ್ರಿಗೆ ಬಿಡುಗಡೆ. "ರೆಕಾರ್ಡಿಂಗಿಗೆ ನಾನಿರ್ತೀನಿ. ಮಿಕ್ಸಿಂಗ್ ಪೂರ್ತಿ ನೀವೇ ಮಾಡಿ. ಚೆನ್ನಾಗಿ ಬಂದ್ರೆ ಆಮೇಲೆ ಎರಡನೇ ಕುರ್ಚಿ ನಿಮ್ದೇ. ನಂಗೂ ಒಬ್ನಿಗೇ ಆಗ್ತಿಲ್ಲ."

ಸಂತೋಷ ಆಯಿತು ಅಂತ ಬರೆಯಬೇಕು. ಭಯವೇ ಜಾಸ್ತಿ ಆಯಿತು. ಇವತ್ತಿನ ಲೆಕ್ಕ: ಇಪ್ಪತ್ತಕ್ಕೆ ಹದಿಮೂರು. ಎಂಟು ಸಾವಿರ ನಾಲ್ಕು ಸಲ ಬಂತು, ನಾಲ್ಕೂ ತಪ್ಪು. ಹೊಸ ಇಯರ್‌ಫೋನ್ ಇದು.


ಜನವರಿ 22, ಬುಧವಾರ

ರೆಕಾರ್ಡಿಂಗ್ ಮುಗಿಯಿತು. ಸುಸ್ತು.

ಬಸವರಾಜೇಶ್ವರಿ ಅಮ್ಮನಿಗೆ ಎಪ್ಪತ್ತರ ಹತ್ತಿರ. ತೆಳ್ಳಗೆ, ನೆಟ್ಟಗೆ. ಕೈಚೀಲದಿಂದ ಒಂದು ಜೊತೆ ತಾಳ ತೆಗೆದರು, ಹಳೇ ವಸ್ತ್ರದಲ್ಲಿ ಸುತ್ತಿದ್ದು. ಅತ್ತೆಯವರದಂತೆ, ಅವರಿಗೂ ಅವರ ಅತ್ತೆಯಿಂದ ಬಂದಿದ್ದಂತೆ. ಅಂಚು ಸವೆದು ಹೊಳೆಯುತ್ತಿದೆ.

ಅವರದೊಂದು ಪದ್ಧತಿ. ಪ್ರತಿ ಹಾಡಿಗೆ ಮೊದಲು ತಾಳವನ್ನು ಒಂದೇ ಸಲ ತಟ್ಟುವುದು. ಆ ನಾದ ಪೂರ್ತಿ ಇಳಿಯುವವರೆಗೆ ಏಳು ಜನವೂ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು. ಅದು ನಿಂತ ಮೇಲೆ ಹಾಡು. ಶ್ರುತಿ ಅಲ್ಲಿಂದಲೇ ಹಿಡಿಯುತ್ತಾರಂತೆ, ಹಾರ್ಮೋನಿಯಂ ಆಮೇಲೆ ಸೇರುತ್ತದೆ.

ತಟ್ಟಿದರು. ಕೇಳಿದೆ. ನಿಂತಿತು. ಯಾರೂ ಬಾಯಿ ತೆರೆಯಲಿಲ್ಲ. ಮರೆತರೇನೋ ಅಂತ ಗಾಜಿನ ಈಚೆ ಕೂತಿದ್ದ ನಾನು ಮೈಕ್ ಗುಂಡಿ ಒತ್ತಿ ಹೇಳಿದೆ — "ಶುರು ಮಾಡಿ ಅಮ್ಮ."

ಏಳು ಜನವೂ ಕಣ್ಣು ತೆರೆದರು. ಬಸವರಾಜೇಶ್ವರಿ ಅಮ್ಮ ಗಾಜಿನ ಈಚೆಗೆ ನನ್ನ ನೋಡಿ ಅಂಗೈ ಎತ್ತಿದರು. "ಇನ್ನೂ ಇದೆ ಕಣಪ್ಪ."

ಎರಡನೇ ಸಲವೂ ಅದೇ ತಪ್ಪು ಮಾಡಿದೆ. ಮೂರನೇ ಸಲ ಜಯಕುಮಾರ್ ನನ್ನ ಕೈ ಹಿಡಿದುಕೊಂಡ, ಮಕ್ಕಳ ಕೈ ಹಿಡಿದ ಹಾಗೆ. ಏನೂ ಕೇಳದೆ ಎಲ್ಲರೂ ಎಷ್ಟೋ ಹೊತ್ತು ಕೂತಿದ್ದರು. ಭಕ್ತಿ ಅಂದುಕೊಂಡೆ. ಸ್ವಲ್ಪ ತೋರಿಕೆ ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ.


ಜನವರಿ 29, ಬುಧವಾರ. ಮಧ್ಯಾಹ್ನ

ಜಯಕುಮಾರ್ ಹೋಗಿ ಮೂರು ದಿನ. ಸ್ಟುಡಿಯೋ ಬೀಗದ ಕೈ ನನ್ನ ಜೇಬಿನಲ್ಲಿ. ಕೆಳಗೆ ಟೈರ್ ಅಂಗಡಿಯ ಕಂಪ್ರೆಸರ್ ಸದ್ದು.

ನಾಲ್ಕು ಹಾಡು ಆಯಿತು. ತಾಳ ಎಲ್ಲೂ ಕೇಳುತ್ತಿರಲಿಲ್ಲ, ಹಾರ್ಮೋನಿಯಂ ಅಡಿಯಲ್ಲಿ ಮುಳುಗಿತ್ತು. ಎತ್ತಿದೆ. ಇನ್ನೂ ಎತ್ತಿದೆ. ಈಗ ಸರಿ. ಪ್ರತಿ ಹಾಡಿನ ಮುಂದೆ ಏಳೆಂಟು ಸೆಕೆಂಡ್ ಖಾಲಿ ಜಾಗ ಇತ್ತು, ಕತ್ತರಿಸಿದೆ. ಜನ ಮೊಬೈಲಲ್ಲಿ ಕೇಳುವವರು, ಯಾರು ಕಾಯುತ್ತಾರೆ.

ಮೂರು ಗಂಟೆ ಕೇಳಿದ ಮೇಲೆ ಎಲ್ಲವೂ ಒಂದೇ ಥರ. ಸರಿಯೂ ಇಲ್ಲ, ತಪ್ಪೂ ಇಲ್ಲ. ಹೆಡ್‌ಫೋನ್ ತೆಗೆದರೆ ಕಿವಿಯಲ್ಲಿ ಆ ಗುಂಯ್… ಯಾವಾಗಲೂ ಇರುತ್ತದಲ್ಲ, ಅದು. ಇವತ್ತು ಸ್ವಲ್ಪ ಜೋರು.


ಫೆಬ್ರವರಿ 5, ಬುಧವಾರ

ಮೊದಲ ನಾಲ್ಕು ಹಾಡು ಕೇಳಿಸಲು ಕೋಟೆಗೆ ಹೋಗಿದ್ದೆ. ಬಸವರಾಜೇಶ್ವರಿ ಅಮ್ಮನ ಮನೆ ನಡುಮನೆಯಲ್ಲಿ ಚಾಪೆ. ಅವಲಕ್ಕಿ, ಕಾಫಿ. ಸ್ಪೀಕರ್ ಇಟ್ಟು ಹಾಕಿದೆ.

ಅವರು ಕಿವಿಗೆ ಸೆರಗು ಒತ್ತಿಕೊಂಡರು. ಬೇಕಂತ ಅಲ್ಲ, ಕೈ ತಾನಾಗೇ ಹೋಯಿತು.

"ನಮ್ ತಾಳ ಹಿಂಗೆ ಕಿವಿ ಕುಯ್ಯಲ್ಲಪ್ಪ."

ಎರಡನೇ ಹಾಡು. "ಇದೇನು, ನಾದ ಇಳಿಯೋ ಮೊದ್ಲೇ ಹಾಡು ಶುರುವಾಗಿದೆ? ನಾವು ಕಾದಿದ್ವಲ್ಲ."

"ಖಾಲಿ ಇತ್ತಮ್ಮ. ಕಟ್ ಮಾಡ್ದೆ."

"ಖಾಲಿ ಎಲ್ಲಿತ್ತು?"

ಸ್ಪೀಕರ್ ನಿಲ್ಲಿಸಿದೆ. ಅವರು ಹತ್ತಿರ ಸರಿದು ಮೆಲ್ಲಗೆ ಏನೋ ಕೇಳಿದರು. ಹೂಂ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ದನಿ ಏರಿಸಿ ಮತ್ತೆ ಕೇಳಿದರು — "ನಿಂಗೆ ಕೇಳಿಸ್ತಿಲ್ವೇನಪ್ಪ, ಅಂತ ಕೇಳ್ದೆ."

ಸಿಟ್ಟು ಬಂತು. ಸ್ಪೀಕರ್ ಚಿಕ್ಕದು, ಅದರದ್ದೇ ತೊಂದರೆ ಅಂದೆ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಅವರು ಅವಲಕ್ಕಿ ಕಟ್ಟಿಕೊಟ್ಟರು. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ತಿಂದೆ. ಅಳು ಬರುವ ಹಾಗಿತ್ತು.


ಫೆಬ್ರವರಿ 11, ಮಂಗಳವಾರ

ಐದು ದಿನ ಏನೂ ಬರೆದಿಲ್ಲ. ಆ್ಯಪ್ ಕೂಡ ತೆಗೆದಿಲ್ಲ.

ಇವತ್ತು ಕಿವಿ ಪರೀಕ್ಷೆ ಮಾಡಿಸಿದೆ. ಶಿವಮೊಗ್ಗದಲ್ಲೇ. ಮನೆಯಲ್ಲಿ ಹೇಳಲಿಲ್ಲ.

ಸಣ್ಣ ಪೆಟ್ಟಿಗೆಯಂಥ ಕೋಣೆ, ನಮ್ಮ ಸ್ಟುಡಿಯೋ ಥರವೇ ಸದ್ದು ಹೀರುವ ಗೋಡೆ. ಹೆಡ್‌ಫೋನ್. ಕೈಯಲ್ಲಿ ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಮೊದಮೊದಲು ಪಟಪಟ ಒತ್ತಿದೆ. ಪರೀಕ್ಷೆಯಲ್ಲಿ ಪಾಸಾಗುವವನ ಹುಮ್ಮಸ್ಸು. ಆಮೇಲೆ ಏನೂ ಬರಲಿಲ್ಲ. ಕಾದೆ. ಗಾಜಿನ ಆಚೆ ಆ ಹುಡುಗಿ, ಆಡಿಯಾಲಜಿಸ್ಟ್, ಏನೋ ತಿರುಗಿಸುತ್ತಲೇ ಇದ್ದಳು. ನನ್ನ ಕಡೆ ನೋಡುತ್ತಲೇ ಇದ್ದಳು. ನಾನೂ ಹೀಗೇ ಗಾಜಿನ ಈಚೆಯಿಂದ ಏಳು ಜನ ಹೆಂಗಸರನ್ನು ನೋಡಿದ್ದೆ.

ಒಂದು ಹಾಳೆ ಕೊಟ್ಟಳು. ವಿವರಿಸಲು ಶುರು ಮಾಡಿದಳು. ಬೇಡ ಅಂದೆ, ನನಗೆ ಓದಲು ಬರುತ್ತದೆ. 250, 500, ಸಾವಿರ, ಎರಡು ಸಾವಿರ — ನೆಟ್ಟಗಿದೆ. ಆಮೇಲೆ ಗೆರೆ ಬಿದ್ದು ಹೋಗಿದೆ. ಈಕ್ವಲೈಜರ್‌ನಲ್ಲಿ ಮೇಲಿನ ಬಟನ್‌ಗಳನ್ನೆಲ್ಲ ಯಾರೋ ಪೂರ್ತಿ ಇಳಿಸಿಟ್ಟ ಹಾಗೆ. ಎಡಗಿವಿ ಇನ್ನೂ ಕೆಳಗೆ. ಮೆರವಣಿಗೆಯಲ್ಲಿ ಬಾಕ್ಸ್ ನನ್ನ ಎಡಗಡೆ ಇರುತ್ತಿತ್ತು.

"ಕಿವೀಲಿ ಗುಂಯ್ ಅನ್ನುತ್ತಾ?"

"ಅದು ಎಲ್ರಿಗೂ ಇರುತ್ತಲ್ಲ?"

ಅವಳು ಪೆನ್ನು ಕೆಳಗಿಟ್ಟಳು. "ಇಲ್ಲ ಸರ್."

ಹೋಗಿದ್ದು ವಾಪಸ್ ಬರುವುದಿಲ್ಲವಂತೆ. ಮಾತಿಗೆ ಕಿವಿ ಮೆಷಿನ್ ಹಾಕಿಸಬಹುದು, ಸಂಗೀತಕ್ಕೆ ಅದು ಅಷ್ಟು ಆಗಿಬರುವುದಿಲ್ಲವಂತೆ. ಇರುವುದನ್ನು ಕಾಪಾಡಿಕೊಳ್ಳಿ ಅಂದಳು. ಎರಡು ತಿಂಗಳಿಂದ ದಿನಾ ಇಪ್ಪತ್ತು ಪ್ರಶ್ನೆ. ಇಲ್ಲದ ಕಿವಿಯನ್ನು ಪಳಗಿಸುತ್ತಿದ್ದೆ.


ಫೆಬ್ರವರಿ 13, ಗುರುವಾರ

ಸಿದ್ದಯ್ಯನವರ ಮನೆಗೆ ಹೋಗಿದ್ದೆ. ಹೊಸಮನೆ ಬಡಾವಣೆಯ ತಿರುವಿನಲ್ಲೇ ಅವರ ಟಿವಿ ಕೇಳಿಸುತ್ತದೆ.

ಹಾಳೆ ತೋರಿಸಿದೆ. ಕನ್ನಡಕ ಹಾಕಿ ನೋಡಿದರು, ತಲೆಕೆಳಗಾಗಿ ಹಿಡಿದು.

ಕೂಗಿ ಕೇಳಿದೆ, "ಕಿವಿಗೆ ಹತ್ತಿ ಇಟ್ಕೋ ಅಂತ ಒಂದಿನಾನಾದ್ರೂ ಹೇಳ್ಬಾರ್ದಿತ್ತಾ?"

"ಹತ್ತಿ ಇಟ್ಕೊಂಡೋನು ನಮ್ ಲೈನಲ್ಲಿ ಯಾರಿದ್ರು ಮಾರಾಯ? ನೀನೇ, ಹೊಸ್ದಾಗಿ ಸೇರಿದ್ದ ಆ ಚಿಕ್ಕ ಹುಡುಗ ಇಟ್ಕೊಂಡಾಗ ಕಿತ್ತು ಬಿಸಾಕಿದ್ಯಲ್ಲ. ಸೌಂಡಿಗೆ ಹೆದ್ರೋನು ಮೈಕ್ ಸೆಟ್ಟಿಗೆ ಯಾಕೆ ಬರ್ತೀಯ ಅಂದಿದ್ದೆ ನೀನು."

ಅಂದಿದ್ದೆ. ಆಮೇಲೆ ಎಲ್ಲರೂ ನಕ್ಕಿದ್ದರು. ಅವನು ಎರಡೇ ತಿಂಗಳಿಗೆ ಬಿಟ್ಟು ಹೋದ. ಈಗ ಅವನ ಕಿವಿ ಚೆನ್ನಾಗಿರಬೇಕು.

"ನಂಗೂ ಮೇಲಿಂದು ಏನೂ ಕೇಳ್ತಿರ್ಲಿಲ್ಲ, ಕೊನೇ ಐದಾರು ವರ್ಷ" ಅಂದರು ಸಿದ್ದಯ್ಯ, ಟಿವಿ ಇಳಿಸದೆ.

"ಮತ್ತೆ ಹೆಂಗ್ ಮಾಡ್ತಿದ್ರಿ?"

"ಮುಂದಿನ ಸಾಲಲ್ಲಿ ಕೂತಿರ್ತಿದ್ರಲ್ಲ ಹೆಂಗಸ್ರು, ಅವ್ರ ಮುಖ ನೋಡ್ತಿದ್ದೆ. ಹುಬ್ಬು ಗಂಟು ಹಾಕಿದ್ರೆ ಟ್ರೆಬಲ್ ಇಳಿಸ್ತಿದ್ದೆ. ಅಷ್ಟೇ."

ನಾನು ಅವರ ಪಕ್ಕದಲ್ಲೇ ನಿಂತಿರುತ್ತಿದ್ದೆ. ಕಾರ್ಯಕ್ರಮ ನೋಡುತ್ತಿದ್ದಾರೆ ಅಂದುಕೊಂಡಿದ್ದೆ.


ಫೆಬ್ರವರಿ 16, ಭಾನುವಾರ

ಹೇಳಿಬಿಟ್ಟೆ.

ಸೌಂದರ್ಯ ಬ್ಲೌಸ್ ಹೊಲಿಯುತ್ತಿದ್ದಳು. ಹಾಳೆಯನ್ನು ಮೆಷಿನ್ ಮೇಲೆ ಇಟ್ಟೆ. ಏನಿದು ಅಂದಳು. ಹೇಳಿದೆ. ದೂರದಿಂದ ಮಾತಾಡಿದರೆ, ಬೆನ್ನು ತಿರುಗಿಸಿ ಮಾತಾಡಿದರೆ, ಮೆಲ್ಲಗೆ ಮಾತಾಡಿದರೆ ದನಿ ಬರುತ್ತದೆ, ಮಾತು ಬರುವುದಿಲ್ಲ. ಎಷ್ಟು ವರ್ಷದಿಂದ ಅಂತ ನನಗೂ ಗೊತ್ತಿಲ್ಲ.

ತುಂಬಾ ಹೊತ್ತು ಹಾಳೆ ನೋಡಿದಳು. ಅವಳಿಗೆ ಅದರಲ್ಲಿ ಏನೂ ತಿಳಿಯುವುದಿಲ್ಲ.

"ಹಂಗಾದ್ರೆ ಬೇಕಂತ ಅಲ್ವಾ?"

"ಏನು?"

"ನಮ್ಮಪ್ಪ ಹೋದಾಗ. ತಿಥಿ ಮುಗಿಸ್ಕೊಂಡು ಬಂದ್ಮೇಲೆ. ಅಡುಗೆಮನೇಲಿ ಕೂತು ಅಳ್ತಿದ್ದೆ, ಒಂದಿನ ಅಲ್ಲ, ಮೂರ್ನಾಲ್ಕು ದಿನ. ನೀವು ಹೊರಗೆ ಕೂತು ಆಂಪ್ಲಿಫೈಯರ್ ಬಿಚ್ತಿದ್ರಿ. ಒಂದ್ಸಲಾನೂ ಒಳಗೆ ಬರ್ಲಿಲ್ಲ."

ಆ ಆಂಪ್ಲಿಫೈಯರ್ ನೆನಪಿದೆ. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಅವಳ ಅಳು ನೆನಪಿಲ್ಲ. ನೆನಪಿರಲು ಅದು ನನ್ನ ತನಕ ಬಂದೇ ಇಲ್ಲ. ಏಳು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ಕೇಳಿಸಲಿಲ್ಲ ಮಾರಾಯ್ತಿ, ನಿಜವಾಗಿ ಕೇಳಿಸಲಿಲ್ಲ ಅಂದೆ.

ಅವಳು ಸಮಾಧಾನ ಮಾಡಲಿಲ್ಲ. ಮೊದಲು ಸಿಟ್ಟು ಮಾಡಿದಳು. ಕರೆದರೆ ತಿರುಗದವನನ್ನು ಒಂದು ಸಲ ಡಾಕ್ಟರ್ ಹತ್ತಿರ ಕಳಿಸಬೇಕು ಅಂತ ತನಗೂ ಹೊಳೆಯಲಿಲ್ಲವಲ್ಲ ಅಂತ ತನ್ನ ಮೇಲೂ ಸಿಟ್ಟು. ಆಮೇಲೆ ಎದ್ದು ಬಂದು ಎದುರಿಗೆ ಕುರ್ಚಿ ಹಾಕಿ ಕೂತಳು. ಊಟಕ್ಕೆ ಏನು ಮಾಡಲಿ ಅಂತ ಕೇಳಿದಳು, ಬಾಯಿ ಕಾಣುವ ಹಾಗೆ.


ಫೆಬ್ರವರಿ 18, ಮಂಗಳವಾರ

ಜಯಕುಮಾರ್‌ಗೆ ಫೋನ್ ಮಾಡಿದೆ. ಹೆಣ್ಣು ಮಗು, ಇಬ್ಬರೂ ಆರಾಮ. ಹಿಂದೆ ಮಗು ಅಳುತ್ತಿದೆ ಅಂದ. ಇರಬಹುದು. ಎಲ್ಲ ಹೇಳಿದೆ. ಬಸವರಾಜೇಶ್ವರಿ ಅಮ್ಮ ಸೆರಗು ಒತ್ತಿಕೊಂಡಿದ್ದೂ ಹೇಳಿದೆ.

"ಅಣ್ಣ, ಶಿವರಾತ್ರಿಗೆ ಎಂಟು ದಿನ ಇದೆ. ಬೇರೆಯೋರಿಗೆ ಕೊಟ್ಬಿಡ್ಲಾ?"

ಕೊಡು ಅನ್ನಲು ಬಾಯಿ ತೆರೆದೆ. ಅದು ಸುಲಭವಿತ್ತು. ದಣಿದಿದ್ದೇನೆ, ಒಂದು ವಾರ ಮಲಗಬಹುದಿತ್ತು. ಆದರೆ ಆಮೇಲೆ ಎಲ್ಲಿಗೆ? ಬಾಕ್ಸ್ ಎತ್ತುವ ಸೊಂಟ ಇಲ್ಲ. ಇದೂ ಹೋದರೆ ಸದ್ದಿನ ಕೆಲಸ ಮುಗಿದ ಹಾಗೆ, ನನಗೆ ಬೇರೆ ಏನೂ ಬರುವುದಿಲ್ಲ.

"ಶುಕ್ರವಾರ ಸಂಜೆ ತನಕ ಟೈಮ್ ಕೊಡು."

"ಆಯ್ತು. ಶುಕ್ರವಾರ ಕಳ್ಸಿ, ಕೇಳ್ತೀನಿ. ಚುಚ್ಚಿದ್ರೆ ಮಾತ್ರ ನಾನು ಬೇರೆ ಕಡೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ. ಎರಡನೇ ಕುರ್ಚಿ ವಿಷ್ಯಾನೂ ಆಗ್ಲೇ ಮಾತಾಡೋಣ." ನೇರ ಹುಡುಗ. ಅದಕ್ಕೇ ಇಷ್ಟ.


ಫೆಬ್ರವರಿ 20, ಗುರುವಾರ

ಎಂಟೂ ಹಾಡನ್ನು ಮೊದಲಿಂದ ತೆಗೆದೆ. ಕತ್ತರಿಸಿದ ಜಾಗಗಳನ್ನೆಲ್ಲ ವಾಪಸ್ ಕೂಡಿಸಿದೆ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಅಲ್ಲಿ ಖಾಲಿ ಇಲ್ಲ. ಕೂದಲಿನಷ್ಟು ಸಣ್ಣ ಗೆರೆ, ನಡುಗುತ್ತಾ ಹೋಗಿದೆ. ನಾಲ್ಕನೇ ಸೆಕೆಂಡಿಗೆ ನನಗೆ ಮುಗಿಯುತ್ತದೆ. ಗೆರೆ ಹನ್ನೊಂದರ ತನಕ ಇದೆ.

ಕೆಳಗಿನ ಕೆಲಸ ನನ್ನದು, ಅದನ್ನು ನೆಮ್ಮದಿಯಿಂದ ಮಾಡಿದೆ. ಹಾರ್ಮೋನಿಯಂ ತಿದಿಯ ಗವ್ ಅನ್ನುವ ಸದ್ದು 250ರಲ್ಲಿ ಕೂತಿತ್ತು, ತೆಗೆದೆ. ಮೂರನೇ ಹಾಡಿನಲ್ಲಿ ಯಾರೋ ಮಂಡಿ ಅಲುಗಿಸಿದಾಗ ನೆಲ ಗುದ್ದಿದ ಸದ್ದು. ಜಯಕುಮಾರ್ ಅದನ್ನು ಗಮನಿಸಿರಲಿಲ್ಲ. ನನಗೆ ಕೇಳಿಸಿತು. ಒಂದೊಂದೇ ದನಿ ಬೇರೆ ಬೇರೆಯಾಗಿ ಎದ್ದು ಕೂತಿತು. ಹಾರ್ಮೋನಿಯಂ ಸರಿದ ಮೇಲೆ ತಾಳಕ್ಕೂ ಜಾಗ ಆಗಿರಬೇಕು. ಆಗಿದೆಯೋ ಇಲ್ಲವೋ, ನನಗೆ ಗೊತ್ತಾಗುವುದಿಲ್ಲ.

ನಾಳೆ ಸೌಂದರ್ಯ ಬರುತ್ತಾಳೆ. ಕೇಳಿದಾಗ, "ನಂಗೇನ್ ಗೊತ್ತು ಮ್ಯೂಸಿಕ್ಕು" ಅಂದಳು. ಏನೂ ಗೊತ್ತಿರುವುದು ಬೇಡ, ಎದುರಿಗೆ ಕೂತರೆ ಸಾಕು ಅಂದೆ.


ಫೆಬ್ರವರಿ 21, ಶುಕ್ರವಾರ. ಮಧ್ಯಾಹ್ನ 2:20, ಸ್ಟುಡಿಯೋ

ಒಂಬತ್ತೂವರೆ ಬಸ್ಸಿಗೆ ಬಂದೆವು. ಮೊದಲ ಸಲ ಮೆಟ್ಟಿಲು ಹತ್ತುತ್ತಿದ್ದಾಳೆ. ಕುರ್ಚಿ ಒರೆಸಿ ಕೂತಳು. ಎರಡನೇ ಕುರ್ಚಿ. ಹೆಡ್‌ಫೋನ್ ಹಾಕಿದರೆ ಮುಡಿದ ಮಲ್ಲಿಗೆ ಸಿಕ್ಕಿಕೊಂಡಿತು, ಬಿಡಿಸಿದೆ.

ಮೊದಲ ಸಲ ಹಾಕಿದಾಗ ತಾಳಕ್ಕೆ ಹುಬ್ಬು ಗಂಟಾಯಿತು. ಇಳಿಸಿದೆ. ಇನ್ನೂ ಸ್ವಲ್ಪ ಗಂಟು. ಇನ್ನೂ ಇಳಿಸಿದೆ. ನನಗೆ ತಾಳ ಪೂರ್ತಿ ಮಾಯವಾಯಿತು. ಅವಳ ಮುಖ ಸಡಿಲಾಯಿತು. ಅಲ್ಲಿಗೇ ಬಿಟ್ಟೆ. ಎಂಟು ಹಾಡಿಗೂ ಹೀಗೇ ಮಾಡಿದೆವು. ಎರಡು ಸಲ ಅವಳಾಗೇ "ಈಗ ತುಂಬಾ ಕಮ್ಮಿ ಆಯ್ತು ರೀ" ಅಂದಳು. ಎತ್ತಿದೆ.

ಈಗ ಕೊನೆಯ ಕೆಲಸ. ಪ್ರತಿ ಹಾಡಿನ ಮುಂದೆ ಕಾಯುವ ಹೊತ್ತು ಸರಿಯಾಗಿ ಕೂತಿದೆಯಾ ನೋಡಬೇಕು. ತಾಳ ತಟ್ಟಿದಾಗ ಬೆರಳೆತ್ತು, ನಾದ ನಿಂತಾಗ ಇಳಿಸು ಅಂದಿದ್ದೇನೆ. ನಗು ಬಂತು ಅವಳಿಗೆ, ಆದರೂ ನೆಟ್ಟಗೆ ಕೂತಳು. ಸ್ಪೀಕರ್ ಕೂಡ ಹಾಕಿದ್ದೇನೆ, ನಾನೂ ಕೇಳಲಿ ಅಂತ. ಅವಳು ಕೇಳುತ್ತಿರುವಾಗಲೇ ಬರೆಯುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ.

ಮೊದಲ ಹಾಡು. ತಟ್ಟಿದರು. ಬೆರಳೆತ್ತಿದಳು.

ಕಣ್ಣು ಮುಚ್ಚಿದ್ದಾಳೆ. ನಾನು ಹೇಳಿರಲಿಲ್ಲ, ತಾನಾಗೇ ಮುಚ್ಚಿದಳು.

ನನಗೆ ಮುಗಿಯಿತು. ಈಗ ಗುಂಯ್ ಅಷ್ಟೇ.

ಬೆರಳು ಮೇಲೇ ಇದೆ. ಎಷ್ಟು ಚೆನ್ನಾಗಿ ಕೇಳುತ್ತಿದ್ದಾಳೆ. ಏಳು ವರ್ಷದ ಹಿಂದೆ ನಾನು ಹೀಗೆ

ಇನ್ನೂ ಮೇಲೇ ಇದೆ. ಇನ್ನೂ —